ಕಲಬುರಗಿ ಪಿನ್‌ಕೋಡ್ 585101 ಅವಿಭಾಜ್ಯ ಸಂಖ್ಯೆನಾ?

ಫರ್ಸಿಕಲ್ಲು:
585101ಕ್ಕ 2, 3, 5, 7 ಯಾವುದೂ ಭಾಗ ಹೋಗಂಗಿಲ್ಲ. ಇಷ್ಟಕ್ಕ ಅವಿಭಾಜ್ಯ ಅನ್ನಬಹುದಾ? ಎಲ್ಲೀ ತನಕ ನೋಡಬೇಕ್ರಿ? ಕಾಗದದ ಮ್ಯಾಲ ಮಾಡೋ ದಾರಿ ಇದ್ರ ಹೇಳ್ರಿ. ಬೀದರಿನ 585401ರದ್ದೂ ಬೇಕಾಗ್ಯಾದ.

ಭೀಮಾತೀರ:
ಅನ್ನಾಕ ಬರಂಗಿಲ್ರಿ. ವರ್ಗಮೂಲದ ತನಕ ಹೋಗಲೇಬೇಕು. 765ರ ವರ್ಗ 585225, ಅಂದ್ರ 764ರ ಒಳಗಿನ ಅವಿಭಾಜ್ಯಗಳು. ಅವು 135 ಅವ.

ಆದ್ರ ಈ ಸಂಖ್ಯೆಗೆ ಅಷ್ಟು ಬೆವರು ಬ್ಯಾಡ. ನಡುವ ಮುರೀರಿ: 585 ಮತ್ತ 101. ಕಳದ್ರ 484. 7×11×13 = 1001 ಆಗೋದ್ರಿಂದ, ಈ ಮೂರರಾಗ ಯಾವುದು 484ಕ್ಕ ಹೋಗ್ತದೋ ಅದು ಪೂರ್ತಿ ಸಂಖ್ಯೆಗೂ ಹೋಗ್ತದ. 484 = 4×121. ಹಂಗಾಗಿ 11 ಸಿಕ್ತು, 7 ಮತ್ತ 13 ಬಿದ್ದು ಹೋದ್ವು.

585101 ÷ 11 = 53191. ಇನ್ನ ಇದರ ವರ್ಗಮೂಲದ ತನಕ, ಅಂದ್ರ 230ರ ತನಕ ನೋಡಿದ್ರ ಸಾಕು. 135 ಇದ್ದದ್ದು 50ಕ್ಕ ಇಳೀತು. 11ನ್ನ ಇನ್ನೊಮ್ಮೆ ನೋಡೋದು ಮರೀಬ್ಯಾಡ್ರಿ, ಭಾಳ ಮಂದಿ ತಪ್ಪೋದು ಅಲ್ಲೇ (ಇಲ್ಲಿ ಶೇಷ 6). 17ರಿಂದ 41ರ ತನಕ ಒಂದೂ ಹೋಗಂಗಿಲ್ಲ. 43 ಸರಿಯಾಗಿ ಹೋಗ್ತದ, ಭಾಗಲಬ್ಧ 1237.

1237ನ್ನ ಮತ್ತ ಪರೀಕ್ಷಿಸೋದು ಬ್ಯಾಡ. 43ಕ್ಕಿಂತ ಸಣ್ಣವು ಎಲ್ಲಾ ನೋಡಿ ಆಗ್ಯಾದ, 43ರ ವರ್ಗ 1849 ಅದಕ್ಕಿಂತ ದೊಡ್ಡದು. ಅದು ಅವಿಭಾಜ್ಯನೇ.

585101 = 11 × 43 × 1237

ಬಿದ್ರಿ_ಕುಸುರಿ:
ನಮ್ಮ 585401 ಅಷ್ಟು ಲಗೂ ಮಣಿಯಂಗಿಲ್ಲ. 585ರಾಗ 401 ಕಳದ್ರ 184, ಅದಕ್ಕ 7, 11, 13 ಮೂರೂ ಹೋಗಂಗಿಲ್ಲ. 131ರ ತನಕ 32 ಅವಿಭಾಜ್ಯ ದಾಟಿ 137ಕ್ಕ ಬಂದ್ರ ಸಿಗ್ತದ: 137 × 4273. ಮ್ಯಾಲ ಹೇಳಿದ ಕಾರಣಕ್ಕೇ 4273 ಅವಿಭಾಜ್ಯ.

ಮಜಾ ಇರೋದು ಮುಂದ. ಎರಡಕ್ಕೂ 4ರಿಂದ ಭಾಗಿಸಿದ್ರ ಶೇಷ 1. ಅಂಥ ಅವಿಭಾಜ್ಯ ಯಾವಾಗಲೂ ಎರಡು ವರ್ಗಗಳ ಮೊತ್ತ: 137 = 11² + 4², 4273 = 57² + 32². ಗುಣಿಸಿದ್ರ 585401 ಎರಡು ರೀತಿ ಒಡೀತದ:

580² + 499²
755² + 124²

585101ಕ್ಕೂ 4ರಿಂದ ಶೇಷ 1 ಬರ್ತದ, ಆದ್ರ ಹಿಂಗ ಬರಿಯಾಕ ಆಗಂಗಿಲ್ಲ. ಅದರೊಳಗಿನ 11ಕ್ಕ, 43ಕ್ಕ ಶೇಷ 3, ಎರಡೂ ಒಂದೊಂದೇ ಸಲ ಬಂದಾವ. ಜೋಡಿ ಇದ್ದಿದ್ರ ಮಾತು ಬ್ಯಾರೆ.

ಫರ್ಸಿಕಲ್ಲು:
ತಿಳೀತ್ರಿ. ಪೈಥಾನ್‌ನಾಗ ಬರದು ನೋಡಿದೆ, 585101ಕ್ಕ ಉತ್ತರ ಸರಿ ಬರ್ತದ. ಆದ್ರ 1849 ಕೊಟ್ರ ಅವಿಭಾಜ್ಯ ಅಂತದ!

ಭೀಮಾತೀರ:
ಲೂಪ್‌ನಾಗ ಭಾಜಕದ ವರ್ಗ ಸಂಖ್ಯೆಗಿಂತ ‘ಕಡಿಮಿ’ ಇರೋ ತನಕ ಅಂತ ಹಾಕೀರಿ ಅನಸ್ತದ. ‘ಕಡಿಮಿ ಅಥವಾ ಸಮ’ ಇರಬೇಕು. ಇಲ್ಲಂದ್ರ 43ಕ್ಕ ಮುಟ್ಟೋದರೊಳಗ ಲೂಪ್ ನಿಂತು ಬಿಡ್ತದ. ವರ್ಗಮೂಲದ ದಶಮಾಂಶ ನಂಬಬ್ಯಾಡ್ರಿ, ಪೂರ್ಣಾಂಕನೇ ಗುಣಿಸಿ ಹೋಲಿಸ್ರಿ.

ಬಿದ್ರಿ_ಕುಸುರಿ:
ಯಾದಗಿರಿಯವರು ಕೇಳೋಕಿಂತ ಮೊದಲೇ: 585201ರ ಅಂಕಿ ಕೂಡಿಸಿದ್ರ 21, ಅಂದ್ರ 3 ಹೋಗ್ತದ. ಉಳಿದ 195067ಕ್ಕ 97ರ ತನಕ ನಡೀಬೇಕು. 3 × 97 × 2011.