ಮಾಳಿಗೆ ಮನೆಯ ಹಳೆ ವೈರಿಂಗ್ ಬದಲಿಸಬೇಕು, ಎಲ್ಲಿಂದ ಶುರು ಮಾಡಲಿ?

ಗುಳೇದಗುಡ್ಡದಿಂದ ಕೇಳಿದ್ದು:

ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಜಂತಿ. ವೈರೆಲ್ಲ ಕಟ್ಟಿಗೆ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದದ್ದು. ಮೀಟರ್ ಹತ್ತಿರ ಪಿಂಗಾಣಿ ಫ್ಯೂಸ್. ಸಾಕೆಟ್‌ಗಳು ಬಹುತೇಕ ಎರಡು ತೂತಿನವು. ಈಚೆಗೆ ಫ್ರಿಜ್ ಮುಟ್ಟಿದರೆ ಅವ್ವನಿಗೆ ಜುಂ ಅನ್ನುತ್ತದೆ. ಚಳಿಗಾಲಕ್ಕೆ ಗೀಸರ್ ಹಾಕಿಸಬೇಕು, ಇಂಡಕ್ಷನ್ ಒಲೆಯೂ ಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ. ಪರಿಚಯದವರೊಬ್ಬರು ‘ಬೋರ್ಡ್ ಬದಲಿಸಿ ಎಂಸಿಬಿ ಹಾಕಿದರೆ ಸಾಕು’ ಅಂತಾರೆ. ಸಾಕಾ? ಹೆಸ್ಕಾಂಗೆ ತಿಳಿಸಬೇಕಾ? ಮನೆಯಲ್ಲಿ ಇದ್ದುಕೊಂಡೇ ಮಾಡಿಸಬಹುದಾ? ಮಾಡಿಸಿದವರು ದಯವಿಟ್ಟು ಹೇಳಿ.

ಬಾಗಲಕೋಟೆ ನವನಗರದಿಂದ, ವೈರಿಂಗ್ ಕೆಲಸ ಮಾಡುವವರು:

ಸಾಕಾಗಲ್ಲ ರೀ. ಉಳಿದದ್ದು ಆಮೇಲೆ, ಮೊದಲು ಆ ಫ್ರಿಜ್‌ನ ಪ್ಲಗ್ ತೆಗೆದಿಡಿ. ಅವ್ವನವರು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಮುಟ್ಟಿದ ದಿನ ಅದು ಬರೀ ಜುಂ ಅನ್ನುವುದಿಲ್ಲ. ಮೂರು ಪಿನ್ನಿನ ಪ್ಲಗ್‌ಗೆ ಅಡಾಪ್ಟರ್ ಸಿಕ್ಕಿಸಿ ಎರಡು ತೂತಿನ ಸಾಕೆಟ್‌ಗೆ ಹಾಕಿರುತ್ತೀರಿ. ಅಲ್ಲಿಗೆ ಅರ್ಥ್ ಪಿನ್ ಇದ್ದೂ ಇಲ್ಲದಂತೆ.

ಎಂಸಿಬಿ ಏನು ಮಾಡುತ್ತದೆ ಅನ್ನೋದು ಸ್ಪಷ್ಟ ಇರಲಿ. ಅದು ವೈರನ್ನು ಕಾಪಾಡುತ್ತದೆ. ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬಿದ್ದು ಲೈನ್ ಕಟ್ ಮಾಡುತ್ತದೆ. ಮನುಷ್ಯನ ಜೀವ ತೆಗೆಯಲು ಒಂದು ಆಂಪ್‌ನ ಹತ್ತನೇ ಒಂದು ಭಾಗವೂ ಬೇಕಿಲ್ಲ. 16 ಆಂಪ್‌ನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಜೀವ ಕಾಯುವುದು ಆರ್‌ಸಿಸಿಬಿ. ಬೆಳಿಗ್ಗೆ ಬಿಟ್ಟ ಕುರಿಗಳನ್ನು ಸಂಜೆ ಎಣಿಸುವ ಹಾಗೆ, ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಟ್. ಮನೆಗೆ 30 ಮಿಲಿಆಂಪ್‌ನದೇ ಬೇಕು. 100 ಅಥವಾ 300ರದ್ದು ಕೊಟ್ಟರೆ ತಗೋಬೇಡಿ. ಆದರೆ ಆರ್‌ಸಿಸಿಬಿ ಒಂದೇ ಇದ್ದರೂ ಆಗದು, ಓವರ್‌ಲೋಡ್‌ಗೆ ಅದು ಬೀಳುವುದಿಲ್ಲ. ಎರಡೂ ಇರಬೇಕು.

ಇನ್ನು ಅರ್ಥಿಂಗ್, ಅಂದರೆ ಸೋರಿದ ಕರೆಂಟ್ ನೆಲಕ್ಕೆ ಇಳಿಯಲು ಮಾಡಿಕೊಡುವ ದಾರಿ. ನಿಮ್ಮೂರಲ್ಲಿ ನೆಲ ಅಗೆದರೆ ಕಲ್ಲು ಸಿಗುತ್ತದೆ. ಅದಕ್ಕೇ ಕೆಲವರು ಗುಂಡಿ ತೋಡುವುದು ತಪ್ಪಿಸಿಕೊಳ್ಳಲು ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿಬಿಡುತ್ತಾರೆ. ಇದನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ಕಂಬದಿಂದ ಬರುವ ನ್ಯೂಟ್ರಲ್ ಗಾಳಿಗೆ ಎಲ್ಲೋ ಕಡಿಯಿತು ಅನ್ನಿ, ಫ್ರಿಜ್, ಮಿಕ್ಸರ್, ಇಸ್ತ್ರಿಪೆಟ್ಟಿಗೆ ಎಲ್ಲದರ ಮೈಗೂ 230 ವೋಲ್ಟ್ ಬರುತ್ತದೆ. ಹಳೆ ಕಬ್ಬಿಣದ ನೀರಿನ ಪೈಪಿಗೆ ಅರ್ಥ್ ಕಟ್ಟುವುದೂ ಬೇಡ. ಬೀದಿಯಲ್ಲಿ ಈಗ ಪ್ಲಾಸ್ಟಿಕ್ ಪೈಪ್ ಇರುತ್ತದೆ, ಅದು ಭೂಮಿಗೆ ಮುಟ್ಟುವುದೇ ಇಲ್ಲ. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿ, ಎರಡೂವರೆ ಮೀಟರ್ ಉದ್ದದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿಸಿ. ಕಲ್ಲು ಬಂದರೆ ಬೋರ್ ಹಾಕಿ ಇಳಿಸಿ, ಸುತ್ತ ಬೆಂಟೊನೈಟ್ ಅನ್ನುವ, ತೇವ ಹಿಡಿದಿಡುವ ಜೇಡಿಮಣ್ಣು ತುಂಬುತ್ತಾರೆ.

ಅರ್ಥ್ ಇದೆಯಲ್ಲ, ಆರ್‌ಸಿಸಿಬಿ ಯಾಕೆ ಅಂತ ಕೇಳುವವರಿಗೆ ಒಂದು ಲೆಕ್ಕ. ಗುಂಡಿಯ ರೆಸಿಸ್ಟೆನ್ಸ್ 10 ಓಮ್ ಇದ್ದು, ಗೀಸರ್‌ನ ಮೈಗೆ ಫೇಸ್ ತಾಗಿದರೆ ಹರಿಯುವುದು 23 ಆಂಪ್. 16ರ ಎಂಸಿಬಿ ಅಷ್ಟಕ್ಕೆ ತಕ್ಷಣ ಬೀಳುವುದಿಲ್ಲ, ನಿಮಿಷಗಟ್ಟಲೆ ಹಾಗೇ ನಿಲ್ಲಬಹುದು. ಅಷ್ಟು ಹೊತ್ತೂ ಗೀಸರ್ ಮೈಯಲ್ಲಿ ಕರೆಂಟ್ ಇರುತ್ತದೆ. ಆರ್‌ಸಿಸಿಬಿ ಆ ಕ್ಷಣಕ್ಕೇ ಬೀಳುತ್ತದೆ.

ವೈರ್: ಲೈಟು ಫ್ಯಾನಿಗೆ ತಾಮ್ರದ್ದು 1.5 ಚದರ ಮಿಮೀ, 16 ಆಂಪ್ ಸಾಕೆಟ್‌ಗೆ 2.5, ಗೀಸರ್ ಎಸಿಗಳಿಗೆ 4. ಒಂದು ಲೈಟ್ ಲೈನಿಗೆ ಹತ್ತು ಪಾಯಿಂಟ್‌ಗಿಂತ ಹೆಚ್ಚು ಬೇಡ. 2 ಕಿಲೋವ್ಯಾಟ್ ಗೀಸರ್ ಹತ್ತಿರ ಹತ್ತಿರ 9 ಆಂಪ್ ಎಳೆಯುತ್ತದೆ, ಇಂಡಕ್ಷನ್ ಒಲೆಯೂ ಅಷ್ಟೇ. ಎರಡಕ್ಕೂ ಬೋರ್ಡಿನಿಂದಲೇ ಬೇರೆ ಬೇರೆ ಲೈನ್. ಹಳೆ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರ್ ಸುತ್ತಿ ಟೇಪ್ ಹಾಕಿ ಮುಂದುವರಿಸಿದರೆ ಆ ಜಾಯಿಂಟ್ ಕಾಲಕ್ರಮೇಣ ಸಡಿಲಾಗಿ ಬಿಸಿಯಾಗುತ್ತದೆ. ಕಟ್ಟಿಗೆ ಪಟ್ಟಿ, ಮೇಲೆ ಜಂತಿ ಇರುವ ಮನೆಯಲ್ಲಿ ಅದು ಬೆಂಕಿಗೆ ದಾರಿ. ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 ಅಂತ ಮುದ್ರಿಸಿರುತ್ತಾರೆ, ನೋಡಿ ತಗೊಳ್ಳಿ. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ವೈರ್ ಉಳಿಯಿತು ಅಂತ ಹಸಿರನ್ನು ಫೇಸ್‌ಗೆ ಬಳಸಲು ಬಿಡಬೇಡಿ. ನಾಳೆ ರಿಪೇರಿಗೆ ಬಂದವನು ಅದನ್ನು ಅರ್ಥ್ ಅಂತಲೇ ನಂಬಿ ಮುಟ್ಟುತ್ತಾನೆ.

ಹೆಸ್ಕಾಂ ವಿಷಯ. ಮೀಟರ್‌ವರೆಗೆ ಅವರದು, ಮೀಟರ್ ದಾಟಿದ ಮೇಲೆ ನಿಮ್ಮದು. ಮೀಟರಿನ ಸೀಲ್ ನೀವೂ ಮುಟ್ಟಬಾರದು, ನಿಮ್ಮ ವೈರ್‌ಮನ್ನೂ ಮುಟ್ಟಬಾರದು. ಲೈನ್ ಕಟ್ ಮಾಡಬೇಕಾದರೆ ಸೆಕ್ಷನ್ ಆಫೀಸಿಗೆ ಹೇಳಿ, ಅವರೇ ಬಂದು ಮಾಡುತ್ತಾರೆ. ಬಿಲ್ಲಿನಲ್ಲಿ ಆರ್‌ಆರ್ ನಂಬರ್ ಜೊತೆ ಮಂಜೂರಾದ ಲೋಡ್ ಬರೆದಿರುತ್ತದೆ. ಹಳೆ ಮನೆಗಳಲ್ಲಿ ಅದು ತುಂಬಾ ಕಡಿಮೆ ಇರುತ್ತದೆ. ಗೀಸರ್, ಇಂಡಕ್ಷನ್ ಸೇರಿದರೆ ಮೀರುತ್ತದೆ. ಹೆಚ್ಚುವರಿ ಲೋಡಿಗೆ ಅರ್ಜಿ ಕೊಡಿ. ವೈರಿಂಗ್ ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಆಗಬೇಕು ಅಂತ ನಿಯಮ. ಲೈಸೆನ್ಸ್ ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯ. ಕೆಲಸ ಮುಗಿದ ಮೇಲೆ ಅವರ ಸಹಿ ಇರುವ ಕಂಪ್ಲೀಷನ್ ರಿಪೋರ್ಟ್ ಕೇಳಿ ಪಡೆಯಿರಿ.

ವಿಜಯಪುರದಿಂದ:

ಮನೆಯಲ್ಲಿ ಇದ್ದುಕೊಂಡೇ ಮಾಡಿಸಬಹುದು ಅಕ್ಕಾರೇ. ನಾವು ಹಾಗೇ ಮಾಡಿಸಿದ್ದೇವೆ. ಹಳೆ ಲೈನ್ ಇದ್ದಂಗೇ ಇಟ್ಟು ಹೊಸದನ್ನು ಪೂರ್ತಿ ಎಳೆಸಿ, ಕೊನೆಗೆ ಬೋರ್ಡ್‌ನಲ್ಲಿ ಬದಲಿಸಿದರು. ಕತ್ತಲಲ್ಲಿ ಕೂರುವ ಪ್ರಸಂಗ ಹೆಚ್ಚು ಬರಲಿಲ್ಲ.

ಮಣ್ಣಿನ ಗೋಡೆಗೆ ಗಾಡಿ, ಅಂದರೆ ವೈರ್ ಹುಗಿಯುವ ಸೀಳು, ಹೊಡೆಸಬೇಡಿ. ಕಟರ್ ಇಟ್ಟರೆ ಮಣ್ಣು ಬುಟ್ಟಿಗಟ್ಟಲೆ ಉದುರುತ್ತದೆ, ಗೋಡೆಯ ಬಲವೂ ಹೋಗುತ್ತದೆ. ಗೋಡೆಯ ಮೇಲೇ ಪಿವಿಸಿ ಪಟ್ಟಿ ಹಾಕಿಸಿ. ಚಂದ ಕಾಣಲ್ಲ ಅಂತ ಮನೆಯವರು ಅನ್ನಬಹುದು, ಆದರೆ ಏನಾದರೂ ಆದಾಗ ಮುಚ್ಚಳ ತೆಗೆದು ನೋಡಲು ಬರುತ್ತದೆ. ಜಂತಿಯ ಸಂದಿಯಲ್ಲಿ ಹೋಗುವ ಕಡೆ ಮಾತ್ರ ಗಟ್ಟಿ ಪೈಪೇ ಬೇಕು. ಇಲಿ ಕಡಿಯುವುದು ಅಲ್ಲೇ.

ಪಾಯಿಂಟ್ ಎಲ್ಲಿ ಬೇಕು ಅನ್ನೋದನ್ನು ಅಡಿಗೆ ಮಾಡುವವರು ಹೇಳಬೇಕು. ಮಿಕ್ಸರ್ ಎಲ್ಲಿ ಇಡುತ್ತೀರಿ, ನೀರಿನ ಕೊಡ ಎಲ್ಲಿ, ಒಲೆ ಎಲ್ಲಿ. ನೀರು ಸಿಡಿಯುವ ಕಡೆ ಸಾಕೆಟ್ ಬೇಡ. ಗೀಸರ್ ಸ್ವಿಚ್ ಬಚ್ಚಲ ಹೊರಗೆ, ಫೇಸ್ ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದು, ಕೆಂಪು ದೀಪ ಇರುವಂಥದ್ದು.

ನಮ್ಮದು ಎರೆ ನೆಲ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಅರ್ಥ್ ಪೈಪಿನ ಸುತ್ತ ಮಣ್ಣು ಸರಿದು ಸಂದಿಯಾಗುತ್ತದೆ. ಗುಂಡಿಯ ಮೇಲೆ ಫರಸಿ ಹಾಕಿ ಮುಚ್ಚಿಬಿಡಬೇಡಿ. ಮುಚ್ಚಳ ಇರುವ ಸಣ್ಣ ಚೇಂಬರ್ ಕಟ್ಟಿಸಿ. ಬೇಸಿಗೆಯಲ್ಲಿ ಆಗಾಗ ನೀರು ಹಾಕಲು ಬೇಕಾಗುತ್ತದೆ.

ಇನ್ನೊಂದು ಮಾತು. ಗೃಹಜ್ಯೋತಿಯ ಉಚಿತ ಕರೆಂಟ್ ಇದ್ದರೆ ಗೀಸರ್ ಹಾಕುವ ಮುಂಚೆ ಲೆಕ್ಕ ಹಾಕಿ. 2 ಕಿಲೋವ್ಯಾಟ್ ಗೀಸರ್ ದಿನಾ ಒಂದು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು.

ಬೆಳಗಾವಿಯಿಂದ:

ಆರ್‌ಸಿಸಿಬಿ ಹಾಕಿದ ಮೇಲೆ ಪದೇ ಪದೇ ಬೀಳುತ್ತದೆ, ಆಗ ಏನು ಅನ್ನೋದನ್ನು ನಾನು ಸೇರಿಸುತ್ತೇನೆ. ಯಾಕೆಂದರೆ ಬಹಳ ಮನೆಗಳಲ್ಲಿ ಆಗ ಅದನ್ನೇ ಕಿತ್ತು ನೇರ ಜೋಡಿಸುತ್ತಾರೆ. ನಮ್ಮಲ್ಲೂ ಬಂದ ಎಲೆಕ್ಟ್ರಿಷಿಯನ್ ಅದನ್ನೇ ಹೇಳಿದ, ನಾವು ಬೇಡ ಅಂದೆವು.

ಹಳೆ ವೈರಿಂಗ್‌ನಲ್ಲಿ ದೊಡ್ಡ ಕಾರಣ ನ್ಯೂಟ್ರಲ್ ಹಂಚಿಕೊಂಡಿರುವುದು. ಮೆಟ್ಟಿಲ ದೀಪಕ್ಕೆ ಫೇಸ್ ಒಂದು ಲೈನಿನದು, ನ್ಯೂಟ್ರಲ್ ಪಕ್ಕದ ಲೈನಿನದು. ಫ್ಯೂಸ್ ಇದ್ದಾಗ ಅದು ಯಾರಿಗೂ ಗೊತ್ತಾಗಲ್ಲ. ಆರ್‌ಸಿಸಿಬಿ ಬಂದ ಕೂಡಲೇ ಎಣಿಕೆ ತಪ್ಪಿ ಬೀಳುತ್ತದೆ. ಇನ್ವರ್ಟರ್ ಇದ್ದರೆ ಅದರ ನ್ಯೂಟ್ರಲ್ ಮನೆಯ ನ್ಯೂಟ್ರಲ್ ಜೊತೆ ಸೇರಿದ್ದರೂ ಇದೇ ಕಥೆ. ನಮ್ಮ ಮನೆಯಲ್ಲಿ ಸಿಕ್ಕಿದ್ದು ಎರಡೂ. ಅದರ ಮೇಲೆ ಮಳೆಗಾಲದಲ್ಲಿ ತೇವ ಹಿಡಿಯುವ ಹಿತ್ತಲ ಗೋಡೆಯಲ್ಲಿ ಹಳೆ ಜಾಯಿಂಟ್ ಬಾಕ್ಸ್ ಒಂದು ಒಳಗೆ ಹಸಿಯಾಗಿತ್ತು.

ಕಂಡುಹಿಡಿಯುವುದು ಕಷ್ಟವೇನಲ್ಲ. ಎಲ್ಲ ಎಂಸಿಬಿ ಇಳಿಸಿ ಒಂದೊಂದೇ ಏರಿಸುತ್ತ ಹೋದರೆ ಯಾವ ಲೈನ್ ಅನ್ನೋದು ಸಾಮಾನ್ಯವಾಗಿ ಗೊತ್ತಾಗುತ್ತದೆ. ಆಮೇಲೆ ಲೈನ್ ಬಂದ್ ಮಾಡಿ, ಎಲ್ಲ ಪ್ಲಗ್ ಕಿತ್ತು, 500 ವೋಲ್ಟ್ ಮೆಗ್ಗರ್ (ವೈರಿನ ಹೊದಿಕೆ ಕರೆಂಟ್ ಸೋರದಷ್ಟು ಗಟ್ಟಿ ಇದೆಯಾ ಅಂತ ಅಳೆಯುವ ಮೀಟರ್) ಹಚ್ಚಿ ನೋಡಬೇಕು. 1 ಮೆಗಾಓಮ್‌ಗಿಂತ ಕಡಿಮೆ ತೋರಿಸಿದ ವೈರ್ ಇಟ್ಟುಕೊಳ್ಳುವಂಥದ್ದಲ್ಲ. ಮೆಗ್ಗರ್ ಇಲ್ಲದ ವೈರ್‌ಮನ್ ಬಂದರೆ, ಇರುವವರನ್ನು ಕರೆಯಿರಿ.

ರಬಕವಿಯಿಂದ, ಮಗ್ಗ ಇಟ್ಟವರು:

ನಿಮ್ಮೂರಲ್ಲೂ ಮನೆಮನೆಗೆ ಮಗ್ಗ ಇರುತ್ತವೆ, ಅದಕ್ಕೆ ಹೇಳುತ್ತಿದ್ದೇನೆ. ವಿದ್ಯುತ್ ಮಗ್ಗದ ಮೋಟಾರಿಗೆ ಮನೆಯ ಲೈನಿನಿಂದ ಎಳೆಯಬೇಡಿ, ಅದರದ್ದೇ ಕನೆಕ್ಷನ್ ಇರಲಿ. ನೂಲಿನ ಧೂಳು ಬೋರ್ಡಿನೊಳಗೆ ಕೂತು, ಒಂದು ಸಡಿಲ ಸ್ಕ್ರೂ ಕಿಡಿ ಹಾರಿದರೆ ಹತ್ತಿಕೊಳ್ಳುತ್ತದೆ. ಮುಚ್ಚಳ ಗಟ್ಟಿ ಕೂರುವ ಬೋರ್ಡ್ ಹಾಕಿಸಿ, ಸಪ್ಲೈ ಬಂದ್ ಮಾಡಿ ಆಗಾಗ ಧೂಳು ಝಾಡಿಸಿ. ಹಾಗೆಯೇ ಬಟ್ಟೆ ಒಣಹಾಕುವ ತಂತಿ. ಕಬ್ಬಿಣದ ತಂತಿ ತೆಗೆದು ನೈಲಾನ್ ಹಗ್ಗ ಕಟ್ಟಿ. ಕಂಬದಿಂದ ಸರ್ವಿಸ್ ವೈರ್ ಬರುವ ಪೈಪಿಗೆ ಅಂತೂ ಏನನ್ನೂ ಕಟ್ಟಬೇಡಿ.

ಗುಳೇದಗುಡ್ಡದಿಂದ ಮತ್ತೆ:

ಎಲ್ಲರಿಗೂ ಶರಣು. ಫ್ರಿಜ್ ಬಂದ್ ಮಾಡಿದ್ದೇವೆ. ಈಗ ಪೂರ್ತಿ ಮಾಡಿಸುವಷ್ಟು ರೊಕ್ಕ ಇಲ್ಲ. ದೀಪಾವಳಿ ಆದಮೇಲೆ ಉಳಿದದ್ದು ಅಂತ ಎರಡು ಹಂತದಲ್ಲಿ ಮಾಡಿದರೆ ನಡೆಯುತ್ತದಾ?

ಬಾಗಲಕೋಟೆ ನವನಗರದಿಂದ:

ನಡೆಯುತ್ತದೆ, ಆದರೆ ಕ್ರಮ ತಪ್ಪಬಾರದು. ಮೊದಲ ಹಂತದಲ್ಲಿ ಅರ್ಥ್ ಗುಂಡಿ, ಹೊಸ ಬೋರ್ಡ್, ಅದರಲ್ಲಿ ಆರ್‌ಸಿಸಿಬಿ, ಅಡಿಗೆಮನೆಗೂ ಫ್ರಿಜ್‌ಗೂ ಹೊಸ ಲೈನ್. ಹಳೆ ಲೈಟ್ ಲೈನನ್ನು ಅದೇ ಆರ್‌ಸಿಸಿಬಿ ಕೆಳಗೆ, ಅದರ ಸ್ವಂತ ನ್ಯೂಟ್ರಲ್ ಜೊತೆ, 6 ಆಂಪ್ ಎಂಸಿಬಿಗೆ ಕಟ್ಟಿಸಿ. ಅದರ ಮೇಲೆ ಲೈಟು ಫ್ಯಾನು ಬಿಟ್ಟು ಬೇರೇನೂ ಬೇಡ, ಇಸ್ತ್ರಿಪೆಟ್ಟಿಗೆಯೂ ಬೇಡ. ಆ ಹಳೆ ಲೈನೇ ಆರ್‌ಸಿಸಿಬಿ ಬೀಳಿಸುತ್ತಿದ್ದರೆ ದೀಪಾವಳಿಗೆ ಕಾಯಬೇಡಿ, ಅದನ್ನೂ ಈಗಲೇ ಬದಲಿಸಿ. ಗೀಸರ್ ಎರಡನೇ ಹಂತಕ್ಕೆ, ಲೋಡ್ ಮಂಜೂರಾದ ಮೇಲೆ.

ಫ್ರಿಜ್ ಹೊಸ ಸಾಕೆಟ್‌ಗೆ ಹಾಕಿದಾಗ ಆರ್‌ಸಿಸಿಬಿ ಬಿದ್ದರೆ ದೋಷ ಫ್ರಿಜ್ ಒಳಗೇ ಇದೆ, ಮೆಕ್ಯಾನಿಕ್‌ಗೆ ತೋರಿಸಿ. ಗುತ್ತಿಗೆದಾರರು ದುಡ್ಡು ಕೇಳುವ ದಿನ ಅರ್ಥ್ ಟೆಸ್ಟರ್ ಹಚ್ಚಿ ಗುಂಡಿ ಎಷ್ಟು ಓಮ್ ಅಂತ ನಿಮ್ಮೆದುರೇ ತೋರಿಸಲಿ. 5ರೊಳಗೆ ಬಂದರೆ ಒಳ್ಳೆಯದು. ಆರ್‌ಸಿಸಿಬಿ ಮೇಲೆ ‘ಟಿ’ ಅಂತ ಬಟನ್ ಇರುತ್ತದೆ, ಅದನ್ನು ಅವ್ವನವರ ಕೈಯಿಂದಲೇ ಒತ್ತಿಸಿ ನೋಡಿ. ಆಮೇಲೆ ತಿಂಗಳಿಗೊಮ್ಮೆ ಒತ್ತುತ್ತಿರಿ. ಒತ್ತಿದರೂ ಬೀಳದಿದ್ದರೆ ಆ ದಿನವೇ ಬದಲಿಸಬೇಕು.