ವಾರಾಂತ್ಯಕ್ಕೆ ನಾಲ್ಕು ಪಂದ್ಯ, ನಾಲ್ಕಕ್ಕೂ ಪ್ಲೇಟ್ ಹಿಂದೆ ನಾನೇ: ಒಪ್ಪಿಕೊಳ್ಳಲೇ?

ಇದು ನನ್ನ ಮೊದಲ ಸೀಸನ್. ಹದಿನಾಲ್ಕು ಹದಿನೈದರ ಹುಡುಗರ ಬೇಸ್‌ಬಾಲ್ ಪಂದ್ಯಗಳಿಗೆ ಅಂಪೈರಿಂಗ್ ಮಾಡುತ್ತಿದ್ದೇನೆ. ಅಂಪೈರ್‌ಗಳು ಸಾಲುತ್ತಿಲ್ಲ ಅಂತ ಪಂದ್ಯ ಹಂಚುವವರು ಶನಿವಾರ ಎರಡು, ಭಾನುವಾರ ಎರಡು ಕೊಡುತ್ತಿದ್ದಾರೆ. ನಾಲ್ಕಕ್ಕೂ ಪ್ಲೇಟ್ ಹಿಂದೆ, ಅಂದರೆ ಬ್ಯಾಟರ್ ಪಕ್ಕ ಕೂರುವ ಕ್ಯಾಚರ್‌ನ ಹಿಂದೆ ನಿಂತು ಪ್ರತಿ ಎಸೆತ ನೋಡುವ ಜಾಗದಲ್ಲಿ, ನಾನೇ. ಕಳೆದ ವಾರ ಎರಡನೇ ಪಂದ್ಯದ ಐದನೇ ಇನ್ನಿಂಗ್ಸ್ ಹೊತ್ತಿಗೆ ಚೆಂಡು ಕಣ್ಣಿಗೆ ಕಾಣುತ್ತಿತ್ತು, ಸ್ಟ್ರೈಕೋ (ಸರಿಯಾದ ಜಾಗಕ್ಕೆ ಬಂದದ್ದು) ಬಾಲೋ (ಜಾಗ ತಪ್ಪಿದ್ದು) ಹೇಳಲು ಮಾತ್ರ ಬಾಯಿ ಬರಲಿಲ್ಲ. ಕೋಚ್ ಒಬ್ಬರು ಬೇಲಿ ಹತ್ತಿರ ನಿಂತು ಕೂಗಾಡಿದರು. ಕೆಲಸ ಇಷ್ಟ, ಬಿಡುವ ಮನಸ್ಸಿಲ್ಲ. ಎಷ್ಟು ಪಂದ್ಯ ಒಪ್ಪಿಕೊಂಡರೆ ಸರಿ? ಅನುಭವ ಇರುವವರು ದಯವಿಟ್ಟು ತಿಳಿಸಿ.

16 ವರ್ಷದಿಂದ ಅಂಪೈರಿಂಗ್ ಮಾಡುತ್ತಿರುವವರು:

ಪಂದ್ಯ ನಾಲ್ಕಾದರೂ ಪರವಾಗಿಲ್ಲ, ಪ್ಲೇಟ್ ನಾಲ್ಕಾಗಬಾರದು. ದಿನಕ್ಕೆ ಒಂದು ಪ್ಲೇಟ್, ಒಂದು ಬೇಸ್ (ಓಟಗಾರರನ್ನು ನೋಡುವ ಅಂಪೈರ್ ಜಾಗ). ನಾನು ಇದನ್ನು ಮುರಿದ ದಿನಗಳಲ್ಲೆಲ್ಲ ಎರಡನೇ ಪಂದ್ಯದ ಮಕ್ಕಳಿಗೆ ಅನ್ಯಾಯವಾಗಿದೆ.

ಏಳು ಇನ್ನಿಂಗ್ಸ್‌ನ ಪಂದ್ಯದಲ್ಲಿ ಎರಡೂ ತಂಡ ಸೇರಿ 200 ಪಿಚ್ (ಪಿಚರ್‌ನ ಎಸೆತ) ದಾಟುವುದು ಮಾಮೂಲು. ಪಿಚರ್‌ಗಳಿಗೆ ಹಿಡಿತ ಸಿಗದ ದಿನ ಅದು 250ಕ್ಕೂ ಹೋಗುತ್ತದೆ, ಈ ವಯಸ್ಸಿನಲ್ಲಿ ಅಂಥ ದಿನಗಳೇ ಜಾಸ್ತಿ. ಅಷ್ಟೂ ಸಲ ಬಗ್ಗಬೇಕು, ಅಲುಗಾಡದೆ ನಿಲ್ಲಬೇಕು, ನೋಡಬೇಕು, ಹೇಳಬೇಕು, ಮತ್ತೆ ಏಳಬೇಕು. ಕ್ರಿಕೆಟ್‌ನಲ್ಲಿ ಅಪೀಲ್ ಬಂದರೆ ಮಾತ್ರ ಅಂಪೈರ್ ಔಟ್ ಕೊಡುತ್ತಾನೆ. ಇಲ್ಲಿ ಯಾರೂ ಕೇಳದಿದ್ದರೂ, ಬ್ಯಾಟರ್ ಬೀಸದೆ ಬಿಟ್ಟ ಪ್ರತಿ ಪಿಚ್‌ಗೂ ತೀರ್ಪು ಹೇಳಲೇಬೇಕು. ನಡುವೆ ಓಟಗಾರ ಬೇಸ್ ಕದಿಯಲು (ಚೆಂಡು ಹೊಡೆಯುವ ಮೊದಲೇ ಮುಂದಿನ ಬೇಸ್‌ಗೆ ಓಡಲು) ಹೊರಡುತ್ತಾನೆ, ಪಿಚರ್ ಬಾಕ್ (ಓಟಗಾರನಿಗೆ ಮೋಸವಾಗುವಂಥ ನಿಯಮಬಾಹಿರ ಚಲನೆ) ಮಾಡುತ್ತಾನೆ, ಸ್ಟ್ರೈಕ್ ಬಾಲ್ ಲೆಕ್ಕ ಇಡುವ ಕೈಯಲ್ಲಿನ ಕ್ಲಿಕರ್‌ನ ಎಣಿಕೆ ತಪ್ಪುತ್ತದೆ. ಕಾಲಿಗಿಂತ ಮೊದಲು ಸೋಲುವುದು ಗಮನ. ನಿಮಗೆ ಐದನೇ ಇನ್ನಿಂಗ್ಸ್‌ನಲ್ಲಿ ಆದದ್ದು ಅದೇ.

ದಣಿವು ಎಲ್ಲಿಂದ ಶುರುವಾಗುತ್ತದೆ ಅಂತ ಗೊತ್ತಾಗಲು ನನಗೆ ಮೂರು ಸೀಸನ್ ಬೇಕಾಯಿತು. ಮೊಣಕಾಲು ಸೋತಾಗ ನಾವು ಪೂರ್ತಿ ಬಗ್ಗುವುದಿಲ್ಲ. ತಲೆ ನಾಲ್ಕು ಬೆರಳಷ್ಟು ಮೇಲೇ ಉಳಿಯುತ್ತದೆ. ಮೊದಲ ಇನ್ನಿಂಗ್ಸ್‌ನಲ್ಲಿ ಮೊಣಕಾಲಿನ ಮಟ್ಟಕ್ಕೆ ಬಂದು ಸ್ಟ್ರೈಕ್ ಆಗಿದ್ದ ಪಿಚ್ ಆ ಎತ್ತರದಿಂದ ಬೇರೆಯೇ ಆಗಿ ಕಾಣುತ್ತದೆ. ಪಿಚರ್ ಅದೇ ಜಾಗಕ್ಕೆ ಎಸೆದಿರುತ್ತಾನೆ, ಈಗ ಬಾಲ್ ಅನ್ನುತ್ತೇವೆ. ಹುಡುಗ ಕಕ್ಕಾಬಿಕ್ಕಿಯಾಗಿ ನಮ್ಮ ಕಡೆ ನೋಡುತ್ತಾನೆ. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಗದ್ದ ಕ್ಯಾಚರ್‌ನ ತಲೆಯ ಮೇಲ್ತುದಿಗೆ ಸಮನಾಗಿದೆಯಾ ಅಂತ ಪ್ರತಿ ಇನ್ನಿಂಗ್ಸ್‌ನ ಮೊದಲ ಪಿಚ್‌ಗೆ ಗಮನಿಸಿಕೊಳ್ಳಿ.

ಕಾಲೇಜು ಪಂದ್ಯಗಳನ್ನೂ ಮಾಡುವವರು:

ಬಾಯಿ ಬರಲಿಲ್ಲ ಅಂದಿರಲ್ಲ, ಅದು ತಪ್ಪಲ್ಲ. ಅವಸರದಲ್ಲಿ ಕೂಗಿಬಿಡುವುದಕ್ಕಿಂತ ನೂರು ಪಾಲು ವಾಸಿ.

ದೊಡ್ಡ ಮೈದಾನದಲ್ಲಿ ಪಿಚರ್‌ನ ಹಲಗೆಯಿಂದ ಪ್ಲೇಟ್‌ಗೆ 60 ಅಡಿ 6 ಇಂಚು. ಗಂಟೆಗೆ 80 ಮೈಲಿ ವೇಗದ ಪಿಚ್ ಸುಮಾರು ಅರ್ಧ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಪ್ಲೇಟ್ ಅಗಲ 17 ಇಂಚು. ಅಷ್ಟರೊಳಗೆ ನಿರ್ಧಾರ ಮುಗಿಸಬೇಕು ಅಂತ ಹೊಸಬರು ಒದ್ದಾಡುತ್ತಾರೆ. ಬೇಕಾಗಿಲ್ಲ. ತಲೆ ಅಲುಗಿಸದೆ ಕಣ್ಣಿನಿಂದ ಮಾತ್ರ ಚೆಂಡನ್ನು ಗ್ಲೌಸ್‌ವರೆಗೂ ಹಿಂಬಾಲಿಸಿ. ಗ್ಲೌಸ್ ಸದ್ದಾಗಲಿ. ನೋಡಿದ್ದನ್ನು ಮನಸ್ಸಿನಲ್ಲಿ ಇನ್ನೊಮ್ಮೆ ಓಡಿಸಿ, ಆಮೇಲೆ ಹೇಳಿ. ನನಗೆ ಕಲಿಸಿದ ಹಿರಿಯರು ಪ್ರತಿ ಪಿಚ್‌ಗೂ ‘ಅದು ಸ್ಟ್ರೈಕಾ? ಹೌದು’ ಅಂತ ಒಳಗೇ ಹೇಳಿಕೊಂಡು ಆಮೇಲೆ ಕೈ ಎತ್ತಿಸುತ್ತಿದ್ದರು. ಒಂದು ತಿಂಗಳು ಹಾಗೆ ಮಾಡಿದ ಮೇಲೆ ನನ್ನ ತೀರ್ಪು ನನಗೇ ನಂಬಿಕೆ ಬರುವಂತಾಯಿತು.

ನಿಲ್ಲುವ ಜಾಗವೂ ಮುಖ್ಯ. ಬ್ಯಾಟರ್ ಮತ್ತು ಕ್ಯಾಚರ್ ನಡುವಿನ ಸಂದಿಯಲ್ಲಿ, ಒಳ ಅಂಚಿನ ಹತ್ತಿರ. ಕ್ಯಾಚರ್‌ನ ಬೆನ್ನ ಹಿಂದೆ ಅವಿತರೆ ಹೊರ ಅಂಚೂ ಕಾಣುವುದಿಲ್ಲ, ಕೆಳಗಿನ ಪಿಚ್ಚೂ ಕಾಣುವುದಿಲ್ಲ.

ಮಾಸ್ಕ್‌ಗೆ ಪೆಟ್ಟು ತಿಂದ ಅನುಭವ ಇರುವವರು:

ಯಾರೂ ಈ ಮಾತು ಎತ್ತಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬ್ಯಾಟ್‌ಗೆ ಸವರಿ ಬಂದ ಫೌಲ್ ಚೆಂಡು ಒಮ್ಮೆ ನೇರ ನನ್ನ ಮಾಸ್ಕ್‌ಗೆ ಹೊಡೆಯಿತು. ನೋವು ಅಷ್ಟಿರಲಿಲ್ಲ, ಮುಂದುವರಿಸಿದೆ. ಎರಡು ಇನ್ನಿಂಗ್ಸ್ ಆದ ಮೇಲೆ ಎಣಿಕೆ ನೆನಪಾಗುತ್ತಿಲ್ಲ, ಬೆಳಕು ಚುಚ್ಚುತ್ತಿದೆ. ಅದು ಮೆದುಳಿಗೆ ಆದ ಆಘಾತ, ಕನ್ಕಷನ್. ಮೂರು ವಾರ ಮನೆಯಲ್ಲಿ ಕೂರಬೇಕಾಯಿತು. ಪೆಟ್ಟು ಬಿದ್ದ ಮೇಲೆ ತಲೆನೋವು, ವಾಕರಿಕೆ, ಮಂಪರು, ಇದರಲ್ಲಿ ಯಾವುದು ಕಂಡರೂ ಆ ಕ್ಷಣವೇ ಮೈದಾನ ಬಿಟ್ಟು ವೈದ್ಯರಿಗೆ ತೋರಿಸಿ. ಪಂದ್ಯ ಅರ್ಧಕ್ಕೆ ನಿಂತರೆ ನಿಲ್ಲಲಿ.

ಎದೆಕವಚ ಕೊರಳೆಲುಬನ್ನು ಪೂರ್ತಿ ಮುಚ್ಚುತ್ತದೆಯೇ ನೋಡಿಕೊಳ್ಳಿ. ಬೆರಳಿಗೆ ಉಕ್ಕಿನ ಕವಚವಿರುವ ಪ್ಲೇಟ್ ಶೂ ಕೊಳ್ಳುವುದನ್ನು ಮುಂದೂಡಬೇಡಿ. ಎರಡು ಇನ್ನಿಂಗ್ಸ್‌ಗೊಮ್ಮೆ ನೀರು, ಬಾಯಾರಿಕೆ ಆಗುವವರೆಗೆ ಕಾಯದೆ.

ಹೆಚ್ಚಾಗಿ ಬೇಸ್‌ನಲ್ಲೇ ನಿಲ್ಲುವವರು:

ಬೇಸ್ ಅಂದರೆ ವಿಶ್ರಾಂತಿ ಅಂದುಕೊಳ್ಳಬೇಡಿ, ಅಲ್ಲಿ ದಣಿವಿನ ಜಾತಿ ಬೇರೆ. ಇಬ್ಬರೇ ಅಂಪೈರ್ ಇದ್ದಾಗ, ಓಟಗಾರರಿಲ್ಲದಿದ್ದರೆ ಮೊದಲ ಬೇಸ್ ಗೆರೆಯ ಪಕ್ಕದ ‘ಎ’ ಜಾಗ. ಮೊದಲ ಬೇಸ್‌ನಲ್ಲಿ ಓಟಗಾರನಿದ್ದರೆ ಪಿಚರ್‌ನ ದಿಬ್ಬ ಮತ್ತು ಎರಡನೇ ಬೇಸ್ ನಡುವೆ ‘ಬಿ’. ಅವನು ಮುಂದೆ ಹೋದರೆ ಮೂರನೇ ಬೇಸ್ ಕಡೆಯ ‘ಸಿ’. ಮೊದಲ ಬೇಸ್‌ನ ಫೋರ್ಸ್‌ಗೆ (ಓಟಗಾರನಿಗಿಂತ ಮೊದಲು ಚೆಂಡು ಬೇಸ್ ಸೇರಿದರೆ ಔಟ್) 15ರಿಂದ 18 ಅಡಿ ದೂರದಲ್ಲಿ, ಎಸೆತ ಬರುವ ದಾರಿಗೆ ಲಂಬ ಕೋನದಲ್ಲಿ ಪಕ್ಕಕ್ಕೆ ನಿಂತು, ಕಾಲು ಬೇಸ್ ತುಳಿಯುವುದನ್ನು ಕಣ್ಣಿನಲ್ಲೂ ಚೆಂಡು ಗ್ಲೌಸ್ ಸೇರುವುದನ್ನು ಕಿವಿಯಲ್ಲೂ ಹಿಡಿಯಿರಿ. ಯಾವುದು ಮೊದಲು ಅಂತ ಕಿವಿ ಕಣ್ಣು ಸೇರಿ ಹೇಳುತ್ತವೆ.

ಪ್ರೌಢಶಾಲೆ ಪಂದ್ಯಗಳವರು:

ಕೋಚ್ ವಿಷಯ. ಸ್ಟ್ರೈಕ್, ಬಾಲ್, ಸೇಫ್, ಔಟ್: ಇವು ನಿಮ್ಮ ಕಣ್ಣಿನ ತೀರ್ಪು, ಇವುಗಳ ಮೇಲೆ ವಾದಕ್ಕೆ ನಿಯಮದಲ್ಲೇ ಅವಕಾಶವಿಲ್ಲ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದೀರಿ ಅಂತ ಬಂದರೆ, ಉದಾಹರಣೆಗೆ ಎರಡು ಔಟ್ ಆಗಿದ್ದಾಗ ಇನ್‌ಫೀಲ್ಡ್ ಫ್ಲೈ (ಒಳ ಮೈದಾನದ ಸುಲಭ ಕ್ಯಾಚ್‌ಗೆ, ಹಿಡಿಯುವ ಮೊದಲೇ ಕೊಡುವ ಔಟ್; ಎರಡು ಔಟ್ ಆಗಿದ್ದರೆ ಅದು ಇಲ್ಲ) ಕೊಟ್ಟುಬಿಟ್ಟಿದ್ದರೆ, ಕೇಳಿಸಿಕೊಳ್ಳಲೇಬೇಕು. ಜೊತೆಗಾರನನ್ನು ಪಕ್ಕಕ್ಕೆ ಕರೆದು ಮಾತಾಡಿ ಸರಿಪಡಿಸಿ. ಬೇಲಿ ಹತ್ತಿರದ ಗೊಣಗಾಟಕ್ಕೆ ಮೊದಲ ಸಲ ಕಿವುಡರಾಗಿ, ಎರಡನೇ ಸಲ ‘ಕೇಳಿಸಿತು, ಸಾಕು’ ಅನ್ನಿ, ಮೂರನೆಯದಕ್ಕೆ ಎಚ್ಚರಿಕೆ. ಬೈಗುಳ ವೈಯಕ್ತಿಕವಾದರೆ ಈ ಮೆಟ್ಟಿಲು ಯಾವುದೂ ಬೇಡ, ನೇರ ಹೊರಗೆ ಕಳಿಸಿ.

ತಪ್ಪು ಆಗಿಯೇ ಆಗುತ್ತದೆ. 2010ರ ಜೂನ್ 2ರಂದು ಡೆಟ್ರಾಯಿಟ್‌ನಲ್ಲಿ ಪಿಚರ್ ಅರ್ಮಾಂಡೊ ಗಲರಾಗ ಸತತ 26 ಬ್ಯಾಟರ್‌ಗಳನ್ನು ಔಟ್ ಮಾಡಿದ್ದರು. ಇನ್ನೊಬ್ಬ ಔಟ್ ಆದರೆ ಪರ್ಫೆಕ್ಟ್ ಗೇಮ್, ಅಂದರೆ ಒಬ್ಬನನ್ನೂ ಬೇಸ್ ತಲುಪಲು ಬಿಡದ ಪಂದ್ಯ. ಮೊದಲ ಬೇಸ್‌ನಲ್ಲಿದ್ದ ಅಂಪೈರ್ ಜಿಮ್ ಜಾಯ್ಸ್ ಸೇಫ್ ಕೊಟ್ಟರು. ಓಟಗಾರ ಔಟ್ ಆಗಿದ್ದ. ಪಂದ್ಯ ಮುಗಿದ ಮೇಲೆ ಜಾಯ್ಸ್ ವಿಡಿಯೋ ನೋಡಿ, ತಪ್ಪು ತನ್ನದೇ ಅಂತ ಒಪ್ಪಿಕೊಂಡು ಗಲರಾಗರ ಕ್ಷಮೆ ಕೇಳಿದರು. ಮರುದಿನ ಅವರು ಪ್ಲೇಟ್ ಹಿಂದೆ ನಿಂತರು. ತಂಡದ ಪಟ್ಟಿಯನ್ನು ಅವರ ಕೈಗೆ ತಂದುಕೊಟ್ಟದ್ದು ಗಲರಾಗ. ಅಷ್ಟು ದೊಡ್ಡ ಅಂಪೈರ್ ಮರುದಿನ ಮೈದಾನಕ್ಕೆ ಬಂದರು ಅನ್ನುವುದನ್ನು ನಾನು ಕೆಟ್ಟ ದಿನಗಳಲ್ಲಿ ನೆನೆಯುತ್ತೇನೆ.

ಹಿಂದೆ ಪಂದ್ಯ ಹಂಚುತ್ತಿದ್ದವರು:

ಬೇಡ ಅನ್ನುವುದನ್ನು ಬೇಗ ಅನ್ನಿ. ಸೋಮವಾರ ಬೇಡ ಅಂದವರ ಬದಲಿಗೆ ನನಗೆ ಯಾರಾದರೂ ಸಿಗುತ್ತಿದ್ದರು, ಶುಕ್ರವಾರ ರಾತ್ರಿ ಅಂದವರ ಬದಲಿಗೆ ಸಿಗುತ್ತಿರಲಿಲ್ಲ. ‘ಪ್ಲೇಟ್ ದಿನಕ್ಕೊಂದೇ, ಇನ್ನೊಂದು ಪಂದ್ಯಕ್ಕೆ ಬೇಸ್‌ನಲ್ಲಿ ನಿಲ್ಲುತ್ತೇನೆ’ ಅಂತ ಸ್ಪಷ್ಟವಾಗಿ ಹೇಳುವವರನ್ನು ನಾನೆಂದೂ ಕಳೆದುಕೊಳ್ಳಲು ಬಯಸಿದ್ದಿಲ್ಲ.

ಪ್ರಶ್ನೆ ಕೇಳಿದವರು, ಎರಡು ವಾರದ ಮೇಲೆ:

ಎಲ್ಲರಿಗೂ ಧನ್ಯವಾದ. ಸೋಮವಾರವೇ ಹೇಳಿದೆ, ತಕರಾರಿಲ್ಲದೆ ಒಪ್ಪಿದರು. ಶನಿವಾರ ಪ್ಲೇಟ್‌ನಲ್ಲಿ ಆರನೇ ಇನ್ನಿಂಗ್ಸ್‌ವರೆಗೂ ಗದ್ದ ಅದೇ ಎತ್ತರದಲ್ಲಿತ್ತು. ಮೊಣಕಾಲಿನ ಮಟ್ಟದ ಒಂದು ಪಿಚ್‌ಗೆ ಗ್ಲೌಸ್ ಸದ್ದಾದ ಮೇಲೂ ಕಾದು ಸ್ಟ್ರೈಕ್ ಅಂದೆ. ಬ್ಯಾಟರ್ ಮಾತಿಲ್ಲದೆ ಹೋದ. ಬೇಸ್‌ನಲ್ಲಿ ಇನ್ನೂ ಒಂದು ತೊಂದರೆ: ‘ಬಿ’ ಜಾಗದಲ್ಲಿದ್ದಾಗ ಎರಡನೇ ಬೇಸ್ ಕದ್ದವನಿಗೆ ಟ್ಯಾಗ್ (ಚೆಂಡು ಹಿಡಿದ ಗ್ಲೌಸ್‌ನ ಸ್ಪರ್ಶ) ತಗುಲಿತೋ ಇಲ್ಲವೋ ಸರಿಯಾಗಿ ಕಾಣಲಿಲ್ಲ.

ಬೇಸ್‌ನಲ್ಲಿ ನಿಲ್ಲುವವರು:

ಬಹುಶಃ ಓಟಗಾರನ ಹಿಂದೆ ತಿರುಗಿಬಿಟ್ಟಿರಿ. ಕ್ಯಾಚರ್ ಎಸೆಯುವಾಗ ಚೆಂಡಿನ ಮೇಲೇ ಕಣ್ಣಿಡಿ, ಬೇಸ್ ಕಡೆಗೆ ಒಂದೆರಡು ಹೆಜ್ಜೆ ಹಾಕಿ. ಚೆಂಡು ನಿಮ್ಮನ್ನು ದಾಟುವಾಗ ಅದರ ಜೊತೆಗೇ ಮೈ ತಿರುಗಲಿ. ಟ್ಯಾಗ್ ಬೀಳುವ ಹೊತ್ತಿಗೆ ಕಾಲು ನಿಂತಿರಬೇಕು. ನಿಂತ ಕಣ್ಣಿಗೆ ಗ್ಲೌಸ್ ಮತ್ತು ಕಾಲಿನ ನಡುವಿನ ಸಂದಿ ಕಾಣುತ್ತದೆ.