ಎಂಜಿಬಿ ವೈರ್ ವೀಲ್‌ಗೆ ಯಾವ ಟೈರ್ ಸರಿಹೋಗುತ್ತೆ?

ಪ್ರಶ್ನೆ: ನನ್ನದು 1970ರ ಎಂಜಿಬಿ ರೋಡ್‌ಸ್ಟರ್ (ಬ್ರಿಟಿಷ್ ತೆರೆದ ಸ್ಪೋರ್ಟ್ಸ್ ಕಾರು). 60 ಕಡ್ಡಿಯ ವೈರ್ ವೀಲ್, ರಿಮ್ ಅಗಲ 4.5 ಇಂಚು. ಹಳೇ ಟೈರ್ 165 ಆರ್ 14 (165 ಮಿ.ಮೀ. ಅಗಲ, ರೇಡಿಯಲ್, 14 ಇಂಚಿನ ರಿಮ್). ಅಂಗಡಿಯವರು 185/65 ಆರ್ 14, ಇಲ್ಲಾಂದ್ರೆ 165 ಆರ್ 14 ಸಿ ಇದೆ ಅಂತಾರೆ. ಯಾವುದು ಹಾಕಿಸಲಿ?

ಉತ್ತರ 1: ಎರಡೂ ಬೇಡ ಸರ್. ‘ಸಿ’ ಅಂದ್ರೆ ಸರಕು ವ್ಯಾನಿನ ಟೈರ್. ಪಕ್ಕದ ಗೋಡೆ ಬಿರುಸು, ಹಗುರ ಕಾರು ಕುಣಿಯುತ್ತೆ. 185/65ಕ್ಕೆ (65 ಅಂದ್ರೆ ಪಕ್ಕದ ಗೋಡೆಯ ಎತ್ತರ ಟೈರ್ ಅಗಲದ ಶೇ. 65) 4.5 ಇಂಚಿನ ರಿಮ್ ಕಿರಿದು. ಟೈರಿನ ಒಟ್ಟು ಎತ್ತರವೂ 620 ಮಿ.ಮೀ. ಬದಲು 596, ಹಾಗಾಗಿ ಸ್ಪೀಡೋಮೀಟರ್ ಸುಮಾರು ಶೇ. 4 ಜಾಸ್ತಿ ತೋರಿಸುತ್ತೆ. 165/80 ಆರ್ 14 ಹುಡುಕಿ, ಅದೇ ಅಳತೆ. ವೇಗದ ಗುರುತು ‘ಟಿ’ (ಗಂಟೆಗೆ 190 ಕಿ.ಮೀ. ವರೆಗೆ) ಇದ್ದರೆ ಧಾರಾಳ ಸಾಕು.

ಉತ್ತರ 2: 165/80 ಸಿಗದಿದ್ರೆ 185/70 ಆರ್ 14, ಎತ್ತರ 615. ಆದ್ರೆ ಹಿಂದಿನ ಎಡ ಚಕ್ರದ ಹತ್ರ ಜಾಗ ಕಮ್ಮಿ. ಇಬ್ಬರನ್ನ ಕೂರಿಸಿ, ಟೈರ್ ಮಡ್‌ಗಾರ್ಡ್ ಅಂಚಿಗೆ ಉಜ್ಜುತ್ತದೆಯೇ ಅಂತ ನೋಡಿ.

ಉತ್ತರ 3: ವೈರ್ ವೀಲ್‌ಗೆ ಟ್ಯೂಬ್ ಬೇಕೇ ಬೇಕು, ಕಡ್ಡಿ ತೂತಲ್ಲಿ ಗಾಳಿ ಸೋರುತ್ತೆ. ರೇಡಿಯಲ್ ಟೈರಿಗೆ ಅಂತಲೇ ಮಾಡಿದ ಟ್ಯೂಬನ್ನೇ ಕೇಳಿ. ಕಡ್ಡಿ ತುದಿ ಉಜ್ಜಿ ಮಟ್ಟಮಾಡಿ, ಮೇಲೆ ರಿಮ್ ಟೇಪ್ ಸುತ್ತಿಸಿ. ಟೈರ್ ಒಳಗಿನ ಕಾಗದದ ಚೀಟಿ ಕಿತ್ತು ಪೌಡರ್ ಹಾಕಿಸಿ. ಆ ಚೀಟಿಯ ಅಂಚೇ ಟ್ಯೂಬನ್ನ ಸವೆಸಿ ತೂತು ಮಾಡೋದು. ಕೊಳ್ಳುವಾಗ ಟೈರ್ ಪಕ್ಕದಲ್ಲಿರೋ ನಾಲ್ಕಂಕಿಯ ತಯಾರಿ ವಾರ ಓದಿ: 2319 ಅಂದ್ರೆ 2019ರ 23ನೇ ವಾರ. ಟ್ರೆಡ್ (ನೆಲಕ್ಕೆ ತಾಗೋ ಗೀರಿನ ಭಾಗ) ಎಷ್ಟೇ ಹೊಸದಾಗಿ ಕಂಡರೂ ಅಷ್ಟು ಹಳೇದು ತಗೋಬೇಡಿ.